ಸಹ ಅಭ್ಯರ್ಥಿಯ ಆಯ್ಕೆ (ಚುನಾವಣಾ ಅನುಕರಣ ಆಟಗಳು)

ಸಹ ಅಭ್ಯರ್ಥಿಯ ಆಯ್ಕೆ ಎಂಬುದು ಚುನಾವಣಾ ಅನುಕರಣ ಆಟಗಳಲ್ಲಿ ಆಟಗಾರನು ತನ್ನ ಮುಖ್ಯ ಅಭ್ಯರ್ಥಿಯ ಜೊತೆಗೆ ಎರಡನೇ ಸ್ಥಾನಕ್ಕೆ ಸ್ಪರ್ಧಿಸುವ ವ್ಯಕ್ತಿಯನ್ನು ಆರಿಸಿಕೊಳ್ಳುವ ಹಂತ. ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷೀಯ ಚುನಾವಣೆಯನ್ನು ಆಧರಿಸಿದ ಆಟಗಳಲ್ಲಿ ಈ ಹಂತ ಹೆಚ್ಚಾಗಿ ಕಂಡುಬರುತ್ತದೆ. ಅಲ್ಲಿ ಅಧ್ಯಕ್ಷ ಮತ್ತು ಉಪಾಧ್ಯಕ್ಷ ಅಭ್ಯರ್ಥಿಗಳು ಜೋಡಿಯಾಗಿ ಕಣಕ್ಕಿಳಿಯುವುದರಿಂದ ಆಯ್ಕೆಯು ಮತದಾನಕ್ಕೆ ಮೊದಲೇ ನಡೆಯುತ್ತದೆ. ಸಂಸದೀಯ ಪದ್ಧತಿಯಿರುವ ಭಾರತದಲ್ಲಿ ಇಂತಹ ಜೋಡಿ ಸ್ಪರ್ಧೆ ಇಲ್ಲ. ಕರ್ನಾಟಕದಲ್ಲಿ ಉಪಮುಖ್ಯಮಂತ್ರಿಯಾಗಲಿ, ಗ್ರಾಮ ಪಂಚಾಯಿತಿಯ ಉಪಾಧ್ಯಕ್ಷರಾಗಲಿ ಆಯ್ಕೆಯಾಗುವುದು ಮತ ಎಣಿಕೆ ಮುಗಿದ ನಂತರ. ಈ ಕಾರಣದಿಂದ ಅಮೆರಿಕದ ಮಾದರಿಯ ಆಟದ ನಿಯಮಗಳನ್ನು ಇಲ್ಲಿನ ಚುನಾವಣೆಗಳಿಗೆ ಹಾಗೆಯೇ ಅನ್ವಯಿಸಲು ಸಾಧ್ಯವಿಲ್ಲ.

ಹೆಸರು

ಇಂಗ್ಲಿಷಿನ ‘ರನ್ನಿಂಗ್ ಮೇಟ್’ ಎಂಬ ಪದ ಕುದುರೆ ಪಂದ್ಯದಿಂದ ಬಂದುದು. ಒಂದೇ ಲಾಯದ ಪ್ರಮುಖ ಕುದುರೆಗೆ ಓಟದ ವೇಗವನ್ನು ಹೊಂದಿಸಿಕೊಡಲು ಜೊತೆಯಲ್ಲಿ ಓಡಿಸುತ್ತಿದ್ದ ಮತ್ತೊಂದು ಕುದುರೆಗೆ ಈ ಹೆಸರಿತ್ತು. ನಂತರ ಅದು ರಾಜಕೀಯ ಪರಿಭಾಷೆಗೆ ಸೇರಿತು. ಕನ್ನಡ ಪತ್ರಿಕೆಗಳಲ್ಲಿ ‘ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ’ ಎಂಬ ಬಳಕೆ ಸಾಮಾನ್ಯ. ಆಟಗಳ ಸಂದರ್ಭದಲ್ಲಿ ಎರಡನೇ ಸ್ಥಾನದ ಹೆಸರು ಬೇರೆ ಬೇರೆಯಾಗಿರಬಹುದಾದ್ದರಿಂದ ಈ ಲೇಖನದಲ್ಲಿ ‘ಸಹ ಅಭ್ಯರ್ಥಿ’ ಎಂಬ ಪದವನ್ನು ಬಳಸಲಾಗಿದೆ.

ಸಾಂವಿಧಾನಿಕ ಹಿನ್ನೆಲೆ

ಅಮೆರಿಕದ ಸಂವಿಧಾನದ ಮೂಲ ನಿಯಮದಲ್ಲಿ ಜೋಡಿ ಅಭ್ಯರ್ಥಿಗಳ ಕಲ್ಪನೆ ಇರಲಿಲ್ಲ. ಪ್ರತಿಯೊಬ್ಬ ಚುನಾಯಕನು ಇಬ್ಬರು ವ್ಯಕ್ತಿಗಳಿಗೆ ಮತ ನೀಡುತ್ತಿದ್ದನು. ಬಹುಮತದೊಂದಿಗೆ ಅತಿ ಹೆಚ್ಚು ಮತ ಪಡೆದವರು ಅಧ್ಯಕ್ಷರಾದರೆ, ನಂತರದ ಸ್ಥಾನ ಪಡೆದವರು ಉಪಾಧ್ಯಕ್ಷರಾಗುತ್ತಿದ್ದರು. ಇದರ ಫಲವಾಗಿ 1796ರಲ್ಲಿ ಜಾನ್ ಆಡಮ್ಸ್ ಅಧ್ಯಕ್ಷರಾಗಿ, ಅವರ ಎದುರಾಳಿ ಥಾಮಸ್ ಜೆಫರ್ಸನ್ ಉಪಾಧ್ಯಕ್ಷರಾಗಿ ಆಯ್ಕೆಯಾದರು. 1800ರ ಚುನಾವಣೆಯಲ್ಲಿ ಒಂದೇ ಪಕ್ಷದ ಜೆಫರ್ಸನ್ ಮತ್ತು ಆರನ್ ಬರ್ ತಲಾ 73 ಮತ ಪಡೆದು ಸಮಬಲ ಸಾಧಿಸಿದರು. ಪ್ರತಿನಿಧಿ ಸಭೆಯಲ್ಲಿ 36 ಸುತ್ತು ಮತದಾನ ನಡೆದ ನಂತರವೇ ಜೆಫರ್ಸನ್ ಆಯ್ಕೆಯಾದರು. ಈ ಬಿಕ್ಕಟ್ಟಿನ ಪರಿಣಾಮವಾಗಿ 1804ರಲ್ಲಿ ಅಂಗೀಕಾರಗೊಂಡ 12ನೇ ತಿದ್ದುಪಡಿಯು ಎರಡೂ ಹುದ್ದೆಗಳಿಗೆ ಪ್ರತ್ಯೇಕ ಮತದಾನವನ್ನು ಜಾರಿಗೆ ತಂದಿತು. ಪಕ್ಷಗಳು ಜೋಡಿ ಅಭ್ಯರ್ಥಿಗಳನ್ನು ನಿಲ್ಲಿಸುವ ಪದ್ಧತಿ ಇದರಿಂದ ಗಟ್ಟಿಯಾಯಿತು.

ಚುನಾಯಕರು ಮತ ನೀಡುವ ಇಬ್ಬರಲ್ಲಿ ಒಬ್ಬರಾದರೂ ಚುನಾಯಕರ ಸ್ವಂತ ರಾಜ್ಯದವರಾಗಿರಬಾರದು ಎಂಬ ನಿಯಮವೂ ಇದೆ. ಒಂದೇ ರಾಜ್ಯದ ಇಬ್ಬರನ್ನು ಜೋಡಿಯಾಗಿ ನಿಲ್ಲಿಸಿದರೆ ಆ ರಾಜ್ಯದ ಚುನಾಯಕರು ಇಬ್ಬರಿಗೂ ಮತ ನೀಡುವಂತಿಲ್ಲ. 2000ದಲ್ಲಿ ಟೆಕ್ಸಾಸ್‌ನ ಜಾರ್ಜ್ ಡಬ್ಲ್ಯು. ಬುಷ್ ಅವರ ಜೊತೆ ಸ್ಪರ್ಧಿಸಲು, ಅದೇ ರಾಜ್ಯದಲ್ಲಿ ನೆಲೆಸಿದ್ದ ಡಿಕ್ ಚೆನಿ ತಮ್ಮ ಮತದಾರ ನೋಂದಣಿಯನ್ನು ವಯೋಮಿಂಗ್‌ಗೆ ಬದಲಾಯಿಸಿಕೊಂಡಿದ್ದರು.

ಆಟಗಳಲ್ಲಿ

ಗಣಕಯಂತ್ರದಲ್ಲಿ ಆಡುವ ಚುನಾವಣಾ ಆಟಗಳಲ್ಲಿ ಸ್ಟ್ರಾಟೆಜಿಕ್ ಸಿಮ್ಯುಲೇಷನ್ಸ್ ಸಂಸ್ಥೆಯು 1981ರಲ್ಲಿ ಪ್ರಕಟಿಸಿದ ‘ಪ್ರೆಸಿಡೆಂಟ್ ಇಲೆಕ್ಟ್’ ಆರಂಭಿಕವಾದವುಗಳಲ್ಲಿ ಒಂದು. 2004ರಲ್ಲಿ ಸ್ಟಾರ್‌ಡಾಕ್ ಸಂಸ್ಥೆಯ ‘ದಿ ಪೊಲಿಟಿಕಲ್ ಮಷೀನ್’ ಮತ್ತು ‘ಪ್ರೆಸಿಡೆಂಟ್ ಫಾರೆವರ್’ ಆಟಗಳು ಬಂದವು. ಇವುಗಳಲ್ಲಿ ಆಟಗಾರನು ರಾಜ್ಯಗಳ ನಕ್ಷೆಯ ಮೇಲೆ ಪ್ರಚಾರದ ಸಮಯ, ಹಣ ಮತ್ತು ಜಾಹೀರಾತುಗಳನ್ನು ಹಂಚಬೇಕಾಗುತ್ತದೆ.

ಸಹ ಅಭ್ಯರ್ಥಿಯ ಆಯ್ಕೆಯನ್ನು ಆಟದ ಪ್ರಾರಂಭಿಕ ನಿರ್ಧಾರವನ್ನಾಗಿ ಮಾಡಿದ ಆಟಗಳಲ್ಲಿ ಹೆಚ್ಚು ಪರಿಚಿತವಾದುದು ಡಾನ್ ಬ್ರಯಾನ್ 2012ರಲ್ಲಿ ರೂಪಿಸಿದ ‘ದಿ ಕ್ಯಾಂಪೇನ್ ಟ್ರೇಲ್’. ಅಂತರ್ಜಾಲ ವೀಕ್ಷಕದಲ್ಲಿಯೇ ಆಡಬಹುದಾದ ಈ ಆಟದಲ್ಲಿ ಆಟಗಾರನು ಮೊದಲು ಚುನಾವಣಾ ವರ್ಷವನ್ನೂ, ನಂತರ ಅಭ್ಯರ್ಥಿಯನ್ನೂ, ಆಮೇಲೆ ಸಹ ಅಭ್ಯರ್ಥಿಯನ್ನೂ ಆರಿಸುತ್ತಾನೆ. ಬಳಿಕ ಪ್ರಚಾರದ ಪ್ರಶ್ನೆಗಳಿಗೆ ಉತ್ತರಿಸುತ್ತಾ ಹೋಗಬೇಕು. ಕೊನೆಯಲ್ಲಿ ರಾಜ್ಯವಾರು ಫಲಿತಾಂಶ ಪ್ರಕಟವಾಗುತ್ತದೆ. ಇತಿಹಾಸದಲ್ಲಿ ನಿಜವಾಗಿ ಆಯ್ಕೆಯಾದವರಷ್ಟೇ ಅಲ್ಲದೆ ಆಗ ಪರಿಗಣನೆಯಲ್ಲಿದ್ದ ಇತರರೂ ಪಟ್ಟಿಯಲ್ಲಿರುವುದರಿಂದ ‘ಬೇರೆಯವರನ್ನು ಆರಿಸಿದ್ದರೆ ಏನಾಗುತ್ತಿತ್ತು’ ಎಂಬ ಪ್ರಶ್ನೆಯನ್ನು ಆಟದ ಮೂಲಕ ಪರೀಕ್ಷಿಸಬಹುದು.

ಎಲ್ಲ ಚುನಾವಣಾ ಆಟಗಳಲ್ಲಿಯೂ ಈ ಹಂತ ಇರುವುದಿಲ್ಲ. ಕೆನಡಾ ಮತ್ತು ಬ್ರಿಟನ್‌ನ ಚುನಾವಣೆಗಳನ್ನು ಆಧರಿಸಿದ ‘ಪ್ರೈಮ್ ಮಿನಿಸ್ಟರ್ ಫಾರೆವರ್’ ಸರಣಿಯಲ್ಲಿ ಆಟಗಾರನು ಒಂದು ಪಕ್ಷವನ್ನು ಮುನ್ನಡೆಸುತ್ತಾನೆ. ಅಲ್ಲಿ ಗೆಲ್ಲಬೇಕಾದುದು ಕ್ಷೇತ್ರಗಳನ್ನು. ಕಾರ್ಲ್-ಹೈಂಟ್ಸ್ ಶ್ಮೀಲ್ 1986ರಲ್ಲಿ ರೂಪಿಸಿದ ‘ಡಿ ಮಾಹರ್’ ಎಂಬ ಜರ್ಮನ್ ಹಲಗೆಯಾಟದಲ್ಲಿ ಪ್ರಾಂತ್ಯ ಚುನಾವಣೆಗಳ ಜೊತೆಗೆ ಪಕ್ಷಗಳ ನಡುವಿನ ಮೈತ್ರಿಗೂ ಅವಕಾಶವಿದೆ. 2007ರ ‘1960: ದಿ ಮೇಕಿಂಗ್ ಆಫ್ ದಿ ಪ್ರೆಸಿಡೆಂಟ್’ ಹಲಗೆಯಾಟದಲ್ಲಿ ಒಬ್ಬ ಆಟಗಾರ ಕೆನಡಿಯ ಪರವಾಗಿಯೂ ಇನ್ನೊಬ್ಬ ನಿಕ್ಸನ್ ಪರವಾಗಿಯೂ ಆಡುತ್ತಾರೆ. ಅಲ್ಲಿ ಜೋಡಿಗಳನ್ನು ಇತಿಹಾಸವೇ ನಿಗದಿಪಡಿಸಿದೆ.

ಲೆಕ್ಕಾಚಾರದ ವಿಧಾನ

ಆಟದಲ್ಲಿ ಸಹ ಅಭ್ಯರ್ಥಿಯ ಪ್ರಭಾವವನ್ನು ಸಾಮಾನ್ಯವಾಗಿ ಮೂರು ಬಗೆಯಲ್ಲಿ ಅಳೆಯಬಹುದು.

ಮೊದಲನೆಯದು ತವರು ರಾಜ್ಯದ ಲಾಭ. ಸಹ ಅಭ್ಯರ್ಥಿಯ ಸ್ವಂತ ರಾಜ್ಯದಲ್ಲಿ ಶೇಕಡಾವಾರು ಮತಕ್ಕೆ ಒಂದು ನಿಗದಿತ ಹೆಚ್ಚಳವನ್ನು ಸೇರಿಸಲಾಗುತ್ತದೆ. ಈ ಹೆಚ್ಚಳ ಸಣ್ಣದಾದರೂ ಸಮಬಲದ ಹಣಾಹಣಿಯಿರುವ ರಾಜ್ಯದಲ್ಲಿ ಫಲಿತಾಂಶವನ್ನು ಬದಲಿಸಬಹುದು. ಮೊದಲೇ ಖಚಿತವಾಗಿ ಗೆಲ್ಲುವ ಅಥವಾ ಸೋಲುವ ರಾಜ್ಯದಲ್ಲಿ ಅದರಿಂದ ಪ್ರಯೋಜನವಿಲ್ಲ.

ಎರಡನೆಯದು ನಿಲುವುಗಳ ಹೊಂದಾಣಿಕೆ. ಪ್ರತಿಯೊಂದು ವಿಷಯದ ಬಗ್ಗೆ ಅಭ್ಯರ್ಥಿಗೂ ಸಹ ಅಭ್ಯರ್ಥಿಗೂ ಒಂದೊಂದು ಅಂಕವಿರುತ್ತದೆ. ‘ದಿ ಕ್ಯಾಂಪೇನ್ ಟ್ರೇಲ್’ ಆಟದಲ್ಲಿ ಇಬ್ಬರ ನಿಲುವುಗಳಿಗೂ ಪ್ರತ್ಯೇಕ ತೂಕವನ್ನು ನೀಡಲಾಗಿದೆ. ಇದನ್ನು ಸರಳಗೊಳಿಸಿದ ಉದಾಹರಣೆಯೊಂದಿಗೆ ವಿವರಿಸಬಹುದು. ಒಂದು ವಿಷಯದಲ್ಲಿ ಅಭ್ಯರ್ಥಿಯ ನಿಲುವು 0.6, ಸಹ ಅಭ್ಯರ್ಥಿಯ ನಿಲುವು –0.2 ಎಂದಿರಲಿ. ಅಭ್ಯರ್ಥಿಯ ತೂಕ 10, ಸಹ ಅಭ್ಯರ್ಥಿಯ ತೂಕ 3 ಎಂದಾದರೆ ಜೋಡಿಯ ಒಟ್ಟು ನಿಲುವು (6 – 0.6) ÷ 13, ಅಂದರೆ ಸುಮಾರು 0.42 ಆಗುತ್ತದೆ. ಮತದಾರರ ನಿಲುವು 0.1 ಇರುವ ರಾಜ್ಯದಲ್ಲಿ ಅಂತರವು 0.5ರಿಂದ 0.32ಕ್ಕೆ ಇಳಿಯುತ್ತದೆ. ಆದರೆ ಮತದಾರರ ನಿಲುವು 0.8 ಇರುವ ರಾಜ್ಯದಲ್ಲಿ ಅಂತರವು 0.2ರಿಂದ 0.38ಕ್ಕೆ ಏರುತ್ತದೆ. ಹೀಗೆ ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕಳೆದುಕೊಳ್ಳುವ ಸಾಧ್ಯತೆಯೇ ಈ ಹಂತದ ಮುಖ್ಯ ಸವಾಲು.

ಮೂರನೆಯದು ಪ್ರಚಾರದ ಬಲ. ಸಹ ಅಭ್ಯರ್ಥಿಯು ಮತ್ತೊಂದು ರಾಜ್ಯದಲ್ಲಿ ಅದೇ ಸಮಯಕ್ಕೆ ಪ್ರಚಾರ ಮಾಡಬಲ್ಲರು. ಅವರ ಅನುಭವ, ಭಾಷಣ ಸಾಮರ್ಥ್ಯ ಮತ್ತು ವಿವಾದಗಳಿಗೆ ಸಿಲುಕುವ ಸಂಭವವನ್ನೂ ಅಂಕಗಳಾಗಿ ಸೂಚಿಸಬಹುದು.

ಐತಿಹಾಸಿಕ ಉದಾಹರಣೆಗಳು

1960ರಲ್ಲಿ ಮಸಾಚುಸೆಟ್ಸ್‌ನ ಜಾನ್ ಎಫ್. ಕೆನಡಿ ಅವರು ಟೆಕ್ಸಾಸ್‌ನ ಲಿಂಡನ್ ಬಿ. ಜಾನ್ಸನ್ ಅವರನ್ನು ಆರಿಸಿಕೊಂಡದ್ದು ಯಶಸ್ವಿ ಆಯ್ಕೆಗೆ ಸಾಮಾನ್ಯವಾಗಿ ನೀಡುವ ಉದಾಹರಣೆ. ಕೆನಡಿ ಟೆಕ್ಸಾಸ್‌ನ 24 ಎಲೆಕ್ಟೋರಲ್ ಮತಗಳನ್ನು ಅಲ್ಪ ಅಂತರದಲ್ಲಿ ಪಡೆದರು. ಅಂತಿಮ ಎಣಿಕೆಯಲ್ಲಿ ಕೆನಡಿಗೆ 303, ನಿಕ್ಸನ್‌ಗೆ 219 ಮತ್ತು ಹ್ಯಾರಿ ಬರ್ಡ್‌ಗೆ 15 ಮತ ಬಂದವು. ಬಹುಮತಕ್ಕೆ 269 ಸಾಕಿತ್ತು. ಆದ್ದರಿಂದ ಟೆಕ್ಸಾಸ್ ಒಂದನ್ನೇ ಕಳೆದರೂ ಕೆನಡಿಗೆ 279 ಮತಗಳು ಉಳಿಯುತ್ತಿದ್ದವು. ಟೆಕ್ಸಾಸ್ ಜೊತೆಗೆ 27 ಮತಗಳ ಇಲಿನಾಯ್ ಕೂಡ ಕೈತಪ್ಪಿದ್ದರೆ ಅವರ ಬಳಿ 252 ಉಳಿದು ಬಹುಮತ ತಪ್ಪುತ್ತಿತ್ತು. ಜಾನ್ಸನ್ ಅವರ ಮಹತ್ವವನ್ನು ಟೆಕ್ಸಾಸ್ ಒಂದರಿಂದ ಅಳೆಯದೆ ಇಡೀ ದಕ್ಷಿಣ ಭಾಗದ ರಾಜ್ಯಗಳನ್ನು ಗಮನಿಸಿ ಅಳೆಯಬೇಕೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

1988ರಲ್ಲಿ ಮೈಕೆಲ್ ಡುಕಾಕಿಸ್ ಅವರು ಟೆಕ್ಸಾಸ್‌ನ ಸೆನೆಟರ್ ಲಾಯ್ಡ್ ಬೆಂಟ್‌ಸನ್ ಅವರನ್ನು ಆರಿಸಿ ಅದೇ ಮಸಾಚುಸೆಟ್ಸ್–ಟೆಕ್ಸಾಸ್ ಜೋಡಿಯನ್ನು ಮತ್ತೆ ಕಟ್ಟಿದರು. ಆದರೆ ಎದುರಾಳಿ ಜಾರ್ಜ್ ಎಚ್. ಡಬ್ಲ್ಯು. ಬುಷ್ ಅವರ ರಾಜಕೀಯ ನೆಲೆಯೂ ಟೆಕ್ಸಾಸ್ ಆಗಿತ್ತು. ಡುಕಾಕಿಸ್ ಆ ರಾಜ್ಯವನ್ನೂ ಚುನಾವಣೆಯನ್ನೂ ಸೋತರು.

1972ರಲ್ಲಿ ಜಾರ್ಜ್ ಮೆಕ್‌ಗವರ್ನ್ ಅವರ ಸಹ ಅಭ್ಯರ್ಥಿಯಾಗಿದ್ದ ಥಾಮಸ್ ಈಗಲ್‌ಟನ್ ಅವರು ಹಿಂದೆ ಖಿನ್ನತೆಗೆ ಚಿಕಿತ್ಸೆ ಪಡೆದಿದ್ದ ವಿಷಯ ಬಹಿರಂಗವಾದ ನಂತರ, ನಾಮಕರಣಗೊಂಡ 18 ದಿನಗಳಲ್ಲಿಯೇ ಕಣದಿಂದ ಹಿಂದೆ ಸರಿದರು. ಅವರ ಸ್ಥಾನಕ್ಕೆ ಸಾರ್ಜೆಂಟ್ ಶ್ರೈವರ್ ಬಂದರು. ಅವಸರದ ಆಯ್ಕೆಯಿಂದ ಆಗುವ ನಷ್ಟಕ್ಕೆ ಈ ಪ್ರಸಂಗವನ್ನು ಉದಾಹರಿಸಲಾಗುತ್ತದೆ.

ನೈಜ ಪ್ರಭಾವದ ಕುರಿತ ಅಧ್ಯಯನ

ಸಹ ಅಭ್ಯರ್ಥಿಯು ತವರು ರಾಜ್ಯವನ್ನು ಗೆದ್ದುಕೊಡುತ್ತಾರೆ ಎಂಬ ನಂಬಿಕೆಯ ಬಗ್ಗೆ ರಾಜ್ಯಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ಕ್ರಿಸ್ಟೋಫರ್ ಡಿವೈನ್ ಮತ್ತು ಕೈಲ್ ಕೊಪ್ಕೊ ಅವರು ತಮ್ಮ 2016ರ ‘ದಿ ವಿಪಿ ಅಡ್ವಾಂಟೇಜ್’ ಕೃತಿಯಲ್ಲಿ ಇಂತಹ ಲಾಭ ಸಾಮಾನ್ಯವಾಗಿ ಗಣನೀಯವಲ್ಲ ಎಂದು ವಾದಿಸಿದ್ದಾರೆ. ಅದೇ ವರ್ಷ ಬೋರಿಸ್ ಹೀರ್‌ಸಿಂಕ್ ಮತ್ತು ಬ್ರೆಂಟನ್ ಪೀಟರ್ಸನ್ ಅವರು ಬೇರೊಂದು ವಿಧಾನವನ್ನು ಬಳಸಿ ಸರಾಸರಿ ಎರಡೂವರೆ ಶೇಕಡಾಂಶಕ್ಕಿಂತ ಸ್ವಲ್ಪ ಹೆಚ್ಚಿನ ಲಾಭವನ್ನು ಗುರುತಿಸಿದರು. ಆಟದ ವಿನ್ಯಾಸಕಾರನು ತವರು ರಾಜ್ಯಕ್ಕೆ ಎಷ್ಟು ಹೆಚ್ಚಳ ನೀಡುತ್ತಾನೆ ಎಂಬುದು ಈ ವಿವಾದದಲ್ಲಿ ಅವನು ತಳೆದ ನಿಲುವಾಗಿಯೂ ಪರಿಣಮಿಸುತ್ತದೆ.

ಅಧಿಕಾರದ ಉತ್ತರಾಧಿಕಾರವನ್ನು ಇಂತಹ ಅಂಕಗಳಲ್ಲಿ ಹಿಡಿದಿಡುವುದು ಕಷ್ಟ. ಅಮೆರಿಕದಲ್ಲಿ ಅಧ್ಯಕ್ಷರ ಮರಣ ಅಥವಾ ರಾಜೀನಾಮೆಯಿಂದ 9 ಉಪಾಧ್ಯಕ್ಷರು ಅಧ್ಯಕ್ಷರಾಗಿದ್ದಾರೆ. ಜಾನ್ಸನ್ ಅವರೂ 1963ರಲ್ಲಿ ಕೆನಡಿಯವರ ಹತ್ಯೆಯ ನಂತರ ಆ ಹುದ್ದೆಗೇರಿದರು. ಫಲಿತಾಂಶ ಪ್ರಕಟವಾದೊಡನೆ ಮುಗಿಯುವ ಆಟದಲ್ಲಿ ಈ ಅಂಶಕ್ಕೆ ಬೆಲೆಯೇ ಇರುವುದಿಲ್ಲ.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದ ರಾಷ್ಟ್ರಪತಿ ಮತ್ತು ಉಪರಾಷ್ಟ್ರಪತಿ ಹುದ್ದೆಗಳಿಗೆ ಪ್ರತ್ಯೇಕ ಚುನಾವಣೆಗಳು ನಡೆಯುತ್ತವೆ. ರಾಷ್ಟ್ರಪತಿಯನ್ನು ಸಂಸತ್ತಿನ ಹಾಗೂ ರಾಜ್ಯ ವಿಧಾನಸಭೆಗಳ ಚುನಾಯಿತ ಸದಸ್ಯರು ಆರಿಸಿದರೆ, ಉಪರಾಷ್ಟ್ರಪತಿಯನ್ನು ಸಂಸತ್ತಿನ ಉಭಯ ಸದನಗಳ ಸದಸ್ಯರು ಆರಿಸುತ್ತಾರೆ. 1974ರಲ್ಲಿ ಉಪರಾಷ್ಟ್ರಪತಿಯಾದ ಕರ್ನಾಟಕದ ಬಿ.ಡಿ. ಜತ್ತಿ ಅವರು ಯಾರ ಸಹ ಅಭ್ಯರ್ಥಿಯೂ ಆಗಿರಲಿಲ್ಲ. ಆದರೂ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರ ನಿಧನದ ನಂತರ 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿ ಕಾರ್ಯನಿರ್ವಹಿಸಿದರು.

ಉಪಮುಖ್ಯಮಂತ್ರಿ ಹುದ್ದೆ

ಉಪಮುಖ್ಯಮಂತ್ರಿ ಹುದ್ದೆಯನ್ನು ಸಂವಿಧಾನವು ಹೆಸರಿಸಿಲ್ಲ. ಕಾನೂನಿನ ದೃಷ್ಟಿಯಲ್ಲಿ ಉಪಮುಖ್ಯಮಂತ್ರಿಯು ಇತರರಂತೆ ಒಬ್ಬ ಸಚಿವ. ಕರ್ನಾಟಕದಲ್ಲಿ 1993ರಲ್ಲಿ ವೀರಪ್ಪ ಮೊಯಿಲಿ ಅವರ ಸಂಪುಟದಲ್ಲಿ ಎಸ್.ಎಂ. ಕೃಷ್ಣ ಈ ಸ್ಥಾನ ಪಡೆದರು. ನಂತರ ಎಚ್.ಡಿ. ದೇವೇಗೌಡರ ಸರ್ಕಾರದಲ್ಲಿ ಜೆ.ಎಚ್. ಪಟೇಲ್, ಪಟೇಲರ ಸರ್ಕಾರದಲ್ಲಿ ಸಿದ್ದರಾಮಯ್ಯ, 2006ರಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರ ಸರ್ಕಾರದಲ್ಲಿ ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿಗಳಾಗಿದ್ದರು. ಈ ನಾಲ್ವರೂ ಮುಂದೆ ಮುಖ್ಯಮಂತ್ರಿಗಳಾದರು.

ಈ ಹುದ್ದೆಯ ಹಂಚಿಕೆಯಲ್ಲಿ ಪ್ರದೇಶ, ಸಮುದಾಯ ಮತ್ತು ಮೈತ್ರಿ ಪಕ್ಷಗಳ ಬಲಾಬಲ ಕೆಲಸ ಮಾಡುತ್ತವೆ. 2018ರ ಚುನಾವಣೆಯ ನಂತರ 37 ಸ್ಥಾನಗಳ ಜಾತ್ಯತೀತ ಜನತಾದಳದ ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ, ಹೆಚ್ಚು ಸ್ಥಾನ ಗಳಿಸಿದ್ದ ಮಿತ್ರಪಕ್ಷ ಕಾಂಗ್ರೆಸ್‌ನ ಜಿ. ಪರಮೇಶ್ವರ ಉಪಮುಖ್ಯಮಂತ್ರಿಯಾದರು. 2019ರ ಆಗಸ್ಟ್‌ನಲ್ಲಿ ಯಡಿಯೂರಪ್ಪ ಅವರ ಸರ್ಕಾರದಲ್ಲಿ ಗೋವಿಂದ ಕಾರಜೋಳ, ಸಿ.ಎನ್. ಅಶ್ವತ್ಥನಾರಾಯಣ ಮತ್ತು ಲಕ್ಷ್ಮಣ ಸವದಿ ಎಂಬ ಮೂವರು ಈ ಸ್ಥಾನಕ್ಕೆ ಬಂದರು. ಇವರಲ್ಲಿ ಸವದಿ ಅವರು 2018ರ ಚುನಾವಣೆಯಲ್ಲಿ ಸೋತಿದ್ದರು. ನೇಮಕದ ವೇಳೆ ಅವರು ಉಭಯ ಸದನಗಳ ಪೈಕಿ ಯಾವುದರ ಸದಸ್ಯರೂ ಆಗಿರಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಹಾವೇರಿ ಜಿಲ್ಲೆಯ ಶಿಗ್ಗಾವಿ ಕ್ಷೇತ್ರದ ಬಸವರಾಜ ಬೊಮ್ಮಾಯಿ ಅವರು 2021ರ ಜುಲೈನಲ್ಲಿ ರಚಿಸಿದ ಸರ್ಕಾರದಲ್ಲಿ ಉಪಮುಖ್ಯಮಂತ್ರಿಯೇ ಇರಲಿಲ್ಲ. 2023ರ ಮೇ ತಿಂಗಳಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯ ಸರ್ಕಾರದಲ್ಲಿ ಡಿ.ಕೆ. ಶಿವಕುಮಾರ್ ಒಬ್ಬರೇ ಉಪಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು.

ಎರಡನೇ ಸ್ಥಾನಕ್ಕೆ ಒಬ್ಬರು ಇರಬಹುದು, ಮೂವರು ಇರಬಹುದು, ಯಾರೂ ಇಲ್ಲದೆಯೂ ಇರಬಹುದು ಎಂಬುದು ಈ ಉದಾಹರಣೆಗಳಿಂದ ಸ್ಪಷ್ಟ. ಮತದಾರನು ಮತ ಹಾಕುವಾಗ ಆ ಸ್ಥಾನಕ್ಕೆ ಯಾರು ಬರುವರೆಂಬುದು ನಿಗದಿಯಾಗಿರುವುದಿಲ್ಲ.

ಸ್ಥಳೀಯ ಸಂಸ್ಥೆಗಳು

ಹಾವೇರಿ ತಾಲ್ಲೂಕಿನ ಕರ್ಜಗಿಯಂತಹ ಗ್ರಾಮ ಪಂಚಾಯಿತಿಯಲ್ಲಿ ಮತದಾರರು ತಮ್ಮ ವಾರ್ಡಿನ ಸದಸ್ಯರನ್ನು ಮಾತ್ರ ಆರಿಸುತ್ತಾರೆ. ಅಧ್ಯಕ್ಷ ಮತ್ತು ಉಪಾಧ್ಯಕ್ಷರನ್ನು ಸದಸ್ಯರು ತಮ್ಮೊಳಗಿನಿಂದ ಆಯ್ಕೆ ಮಾಡುತ್ತಾರೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಈ ಎರಡೂ ಹುದ್ದೆಗಳಿಗೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಮಹಿಳೆಯರಿಗೆ ಸರದಿಯ ಮೀಸಲಾತಿ ಇದೆ. 2020ರ ಡಿಸೆಂಬರ್ ಚುನಾವಣೆಯ ನಂತರ ಈ ಹುದ್ದೆಗಳ ಅವಧಿ ತಲಾ 30 ತಿಂಗಳಾಗಿದೆ. ಗ್ರಾಮ ಪಂಚಾಯಿತಿ ಚುನಾವಣೆಯು ಪಕ್ಷದ ಚಿಹ್ನೆಗಳಿಲ್ಲದೆ ನಡೆಯುತ್ತದೆ.

ಹಾವೇರಿ ಮತ್ತು ರಾಣೆಬೆನ್ನೂರಿನ ನಗರಸಭೆಗಳಲ್ಲಿಯೂ ಬ್ಯಾಡಗಿಯ ಪುರಸಭೆಯಲ್ಲಿಯೂ ಅಧ್ಯಕ್ಷ–ಉಪಾಧ್ಯಕ್ಷ ಸ್ಥಾನಗಳಿಗೆ ಸರದಿಯ ಮೀಸಲಾತಿ ಅನ್ವಯಿಸುತ್ತದೆ. ಆದರೆ ಅಲ್ಲಿ ಪಕ್ಷಗಳು ತಮ್ಮ ಚಿಹ್ನೆಯಡಿ ಸ್ಪರ್ಧಿಸುತ್ತವೆ. ಅಧ್ಯಕ್ಷ ಸ್ಥಾನ ಮೀಸಲಾಗಿರುವ ವರ್ಗದ ಸದಸ್ಯರು ಬಹುಮತವಿರುವ ಪಕ್ಷದಲ್ಲಿ ಇಲ್ಲದಿದ್ದರೆ, ಆ ಸ್ಥಾನವು ಅಲ್ಪಸಂಖ್ಯೆಯ ಗುಂಪಿಗೆ ದೊರಕಿ ಉಪಾಧ್ಯಕ್ಷ ಸ್ಥಾನ ಮಾತ್ರ ಬಹುಮತದ ಗುಂಪಿಗೆ ಉಳಿಯಬಹುದು. 1796ರ ಅಮೆರಿಕದಂತೆ ಇಲ್ಲಿಯೂ ಎರಡು ಹುದ್ದೆಗಳು ಎರಡು ಪಾಳಯಗಳಿಗೆ ಹಂಚಿಹೋಗುವ ಸಾಧ್ಯತೆ ಉಂಟಾಗುತ್ತದೆ.

ಕಲಿಕೆಯಲ್ಲಿ ಬಳಕೆ

ಕರ್ನಾಟಕದ ಶಾಲೆಗಳಲ್ಲಿ ನಡೆಯುವ ಶಾಲಾ ಸಂಸತ್ತಿನ ಚುನಾವಣೆಯು ಮಕ್ಕಳಿಗೆ ಪರಿಚಿತವಾದ ಚುನಾವಣಾ ಅನುಕರಣೆ. ನಾಮಪತ್ರ ಸಲ್ಲಿಕೆ, ಪ್ರಚಾರ, ಮತದಾನ, ಎಣಿಕೆ ಮತ್ತು ಖಾತೆ ಹಂಚಿಕೆ ಅದರ ಹಂತಗಳು. ಹೆಚ್ಚು ಮತ ಪಡೆದವರು ಪ್ರಧಾನಮಂತ್ರಿ, ನಂತರದವರು ಉಪಪ್ರಧಾನಮಂತ್ರಿ ಎಂಬ ನಿಯಮವನ್ನು ಅನುಸರಿಸಿದಲ್ಲಿ ಅದು 1804ಕ್ಕೆ ಹಿಂದಿನ ಅಮೆರಿಕದ ನಿಯಮವನ್ನು ಹೋಲುತ್ತದೆ. ಭಾರತದ ಚುನಾವಣಾ ಆಯೋಗವು 2018ರ ಜನವರಿ 25ರಂದು ಆರಂಭಿಸಿದ ಚುನಾವಣಾ ಸಾಕ್ಷರತಾ ಕ್ಲಬ್‌ಗಳಲ್ಲಿಯೂ ಆಟಗಳ ಮೂಲಕ ಮತದಾನದ ಶಿಕ್ಷಣ ನೀಡಲಾಗುತ್ತದೆ.

ಒಂದೇ ತರಗತಿಯಲ್ಲಿ ಮೂರು ನಿಯಮಗಳಡಿ ಅನುಕರಣೆ ನಡೆಸಿ ಫಲಿತಾಂಶಗಳನ್ನು ಹೋಲಿಸಬಹುದು. ಮೊದಲನೆಯದರಲ್ಲಿ ಜೋಡಿಗಳು ಮತದಾನಕ್ಕೆ ಮೊದಲೇ ಘೋಷಣೆಯಾಗುತ್ತವೆ. ಎರಡನೆಯದರಲ್ಲಿ ಎರಡನೇ ಸ್ಥಾನ ಪಡೆದವರು ಉಪನಾಯಕರಾಗುತ್ತಾರೆ. ಮೂರನೆಯದರಲ್ಲಿ ವಾರ್ಡುವಾರು ಸದಸ್ಯರನ್ನು ಆರಿಸಿದ ನಂತರ ಮೀಸಲಾತಿಯ ಚೀಟಿ ಎತ್ತಿ, ಸದಸ್ಯರಿಂದಲೇ ಅಧ್ಯಕ್ಷ–ಉಪಾಧ್ಯಕ್ಷರ ಆಯ್ಕೆ ಮಾಡಿಸಲಾಗುತ್ತದೆ. ಮೊದಲ ವಿಧಾನದಲ್ಲಿ ಎರಡನೇ ವ್ಯಕ್ತಿಯ ಬಗ್ಗೆ ತೀರ್ಪು ನೀಡುವವನು ಮತದಾರ. ಎರಡನೆಯದರಲ್ಲಿ ಸೋತ ಪಾಳಯಕ್ಕೂ ಒಂದು ಸ್ಥಾನ ದೊರೆಯುತ್ತದೆ. ಮೂರನೆಯದರಲ್ಲಿ ಬಹುಮತವಷ್ಟೇ ಸಾಲದು. ಹುದ್ದೆಗೆ ಅರ್ಹರಾದ ಸದಸ್ಯರು ಗುಂಪಿನಲ್ಲಿ ಇರಬೇಕಾಗುತ್ತದೆ.

ಮಿತಿಗಳು

ಆಟಗಳು ವ್ಯಕ್ತಿಯನ್ನು ಪ್ರದೇಶ, ಸಮುದಾಯ ಮತ್ತು ನಿಲುವುಗಳ ಅಂಕಗಳಿಗೆ ಇಳಿಸುತ್ತವೆ. ಒಂದು ಸಮುದಾಯದ ಮತದಾರರೆಲ್ಲರೂ ಒಂದೇ ರೀತಿ ಮತ ಹಾಕುತ್ತಾರೆ ಎಂಬ ಊಹೆಯ ಮೇಲೆ ನಿಯಮ ರಚಿಸಿದರೆ, ಆಟಗಾರನು ಆ ಊಹೆಯನ್ನೇ ವಾಸ್ತವವೆಂದು ತಿಳಿಯುವ ಅಪಾಯವಿದೆ. ಮೀಸಲಾತಿಯನ್ನು ಕೇವಲ ಆಟದ ಅಡ್ಡಿಯಾಗಿ ತೋರಿಸಿದರೂ ಅದರ ಉದ್ದೇಶ ಮರೆಯಾಗುತ್ತದೆ. ಸಭೆಯಲ್ಲಿ ಕೂರಲು ಅವಕಾಶವಿಲ್ಲದಿದ್ದವರನ್ನು ಅಧ್ಯಕ್ಷರ ಪೀಠಕ್ಕೆ ತರುವುದು ಆ ನಿಯಮದ ಗುರಿ. ಅದನ್ನು ಮತಗಳ ಲಾಭ–ನಷ್ಟದಿಂದ ಅಳೆಯಲಾಗದು. ಹೆಚ್ಚಿನ ಆಟಗಳು ಫಲಿತಾಂಶದ ದಿನಕ್ಕೇ ಮುಗಿಯುವುದರಿಂದ, ಆಯ್ಕೆಯಾದ ಎರಡನೇ ವ್ಯಕ್ತಿ ಮುಂದೆ ಹೇಗೆ ಆಡಳಿತ ನಡೆಸುತ್ತಾರೆ ಎಂಬ ಪ್ರಶ್ನೆ ಅವುಗಳ ವ್ಯಾಪ್ತಿಯಿಂದ ಹೊರಗೆ ಉಳಿಯುತ್ತದೆ.

ಇವನ್ನೂ ನೋಡಿ

ಅಮೆರಿಕ ಸಂಯುಕ್ತ ಸಂಸ್ಥಾನದ ಉಪಾಧ್ಯಕ್ಷರು
ಕರ್ನಾಟಕದ ಉಪಮುಖ್ಯಮಂತ್ರಿಗಳು
ಗ್ರಾಮ ಪಂಚಾಯಿತಿ
ಶಾಲಾ ಸಂಸತ್ತು
ಹಾವೇರಿ ಜಿಲ್ಲೆ